ಬೂದಿ ಬೇಡ, ಗುಡ್ಡ ಬೇಕು ಅನ್ನೋರಿಗೆ...

ತುಂಬಾ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು ಇದು, ಇವತ್ತು ಹೊರಗೆ ಹಾಕ್ತಿದೀನಿ. ಹನಿಗವನ, ಸಿನಿಮಾ ವಿಮರ್ಶೆ ಹುಡುಕಿಕೊಂಡು ಬಂದವರು ದಯವಿಟ್ಟು ಕ್ಷಮಿಸಿ. ಇವತ್ತಿನ ವಿಷಯ ಮಣ್ಣು. ಅಕ್ಷರಶಃ ಮಣ್ಣು.

ನಮ್ಮ ಕಡೆ, ಅಂದ್ರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ, ಹಳ್ಳಿ ರಸ್ತೆ ಮಾಡುವಾಗ ನೆಲ ಮೆತ್ತಗಿದ್ದರೆ ಏನು ಮಾಡ್ತಾರೆ ನೋಡಿದೀರಾ? ಜೆಸಿಬಿ ತಂದು ಆ ಮಣ್ಣನ್ನ ಅಗೆದು ಪಕ್ಕಕ್ಕೆ ಎಸೀತಾರೆ. ಆಮೇಲೆ ಯಾವುದೋ ಗುಡ್ಡದ ಹೊಟ್ಟೆ ಬಗೆದು ಟಿಪ್ಪರ್‌ಗಟ್ಟಲೆ ಗ್ರಾವೆಲ್ ಮಣ್ಣು ತಂದು ಸುರೀತಾರೆ. ರೋಲರ್ ಓಡಿಸಿ, ಜಲ್ಲಿ ಹರಡಿ, ಟಾರು ಹಾಕಿ, ಶಾಸಕರನ್ನ ಕರೆಸಿ ಟೇಪು ಕತ್ತರಿಸಿ ಮನೆಗೆ ಹೋಗ್ತಾರೆ. ಎರಡು ಮಳೆಗಾಲ ಕಳೀಲಿ, ನಾಲೆ ಪಕ್ಕದ ರಸ್ತೆ ಅಂಚು ಬಾಯಿ ಬಿಡುತ್ತೆ, ನಡುವೆ ಟ್ರ್ಯಾಕ್ಟರ್ ಗಾಲಿ ಹೋದ ಕಡೆ ಕಾಲುವೆಯಂಥ ಗುಳಿ ಬೀಳುತ್ತೆ. ಮತ್ತೆ ಗ್ರಾವೆಲ್, ಮತ್ತೆ ಟಿಪ್ಪರ್, ಮತ್ತೊಂದು ಗುಡ್ಡ.

ಇದೇ ಜಿಲ್ಲೆಯಲ್ಲಿ ಕಬ್ಬು ಅರೆಯುವ ಹಂಗಾಮು ಬಂತು ಅಂದ್ರೆ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಅಡಿಯಿಂದ ದಿನಾ ಬೂದಿ ಬೀಳುತ್ತೆ. ಈ ಬೂದಿಯನ್ನ ಸುಣ್ಣದ ಜೊತೆ ಸರಿಯಾಗಿ ಬೆರೆಸಿದರೆ ಅದೇ ಮೆತ್ತನೆ ಮಣ್ಣನ್ನ ಅದು ಇದ್ದ ಜಾಗದಲ್ಲೇ ಗಟ್ಟಿ ಮಾಡಬಹುದು. ಇದೇನು ನಾನು ಕಂಡುಹಿಡಿದದ್ದಲ್ಲ, ಹೊಸದೂ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೇ ಅಂತ 2010ರಲ್ಲಿ ಎಸ್‌ಪಿ 89 ಅನ್ನೋ ಮಾರ್ಗಸೂಚಿ ತಂದಿದೆ: ಸಿಮೆಂಟು, ಸುಣ್ಣ, ಹಾರುಬೂದಿ ಬಳಸಿ ಮಣ್ಣು ಬಲಪಡಿಸೋದು ಹೇಗೆ ಅಂತ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯವರು 2013ರಲ್ಲೇ ಇಂಥ ತಂತ್ರಗಳನ್ನ ಬಳಸಿ ಅಂತ ರಾಜ್ಯಗಳಿಗೆ ಹೇಳಿದ್ದಾರೆ. ಪುಸ್ತಕ ಇದೆ, ಬೂದಿ ಇದೆ, ಮೆತ್ತನೆ ಮಣ್ಣಂತೂ ಬೇಕಾದಷ್ಟಿದೆ. ಆದರೂ ಟಿಪ್ಪರ್ ಗುಡ್ಡದ ಕಡೆಗೇ ಹೋಗುತ್ತೆ. ಯಾಕೆ?

ನಾನು ಓದಿದ್ದು ಸಿವಿಲ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರು (ನಿಮ್ಮಲ್ಲಿ ಅರ್ಧ ಜನ ಹೀಗೇ ಅಂತ ಗೊತ್ತು, ನಗಬೇಡಿ :-) ). ನನ್ನ ಸೋದರಮಾವ ಕಂಟ್ರಾಕ್ಟರು. ಈ ಪ್ರಶ್ನೆಯನ್ನ ಅವರ ಹತ್ತಿರವೇ ಕೇಳಿದ್ದೆ. "ಅಳೀಮಯ್ಯ, ಅದೆಲ್ಲಾ ಪುಸ್ತಕದ ಬದ್ನೆಕಾಯಿ ಕಣ್ಲಾ. ಎಸ್‌ಆರ್‌ನಲ್ಲಿ ಗ್ರಾವೆಲ್ಲಿಗೆ ರೇಟೈತೆ, ಅದ್ಕೆ ಬಿಲ್ಲಾಯ್ತದೆ. ಬೂದಿ ಹಾಕುದ್ರೆ ಆ ಬಿಲ್ಲಿಗೆ ಸೈನ್ ಹಾಕೋ ಇಂಜಿನಿಯರ್‌ನ ನೀನೇ ಹುಡುಕ್ಕೊಂಬಾ" ಅಂದ್ರು. ಅಲ್ಲಿಗೆ ಮಾತು ಮುಗೀತು. ಮಾವನ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳಿದ್ದು ನಿಜ. ಒಂದು ರಸ್ತೆ ಹೇಗೆ ಆಗುತ್ತೆ ಅನ್ನೋದನ್ನ ನೆಲ ತೀರ್ಮಾನಿಸೋದಿಲ್ಲ, ದರಪಟ್ಟಿ ತೀರ್ಮಾನಿಸುತ್ತೆ. ನನ್ನ ತಕರಾರು ಇರೋದು ಇಲ್ಲೇ.

ಮೊದಲು ಬೂದಿ ಅಂದ ಕೂಡಲೇ ಮೂಗು ಮುರಿಯೋರಿಗೆ ಒಂದು ಮಾತು. "ಕಾರ್ಖಾನೆ ಕಸ ತಂದು ನಮ್ಮೂರ ರಸ್ತೆಗೆ ತುಂಬ್ತೀಯಾ" ಅಂತ ಊರಲ್ಲಿ ಬೈಸಿಕೊಂಡಿದ್ದೀನಿ. ಸ್ವಾಮಿ, ನಿಮ್ಮ ಮನೆ ಕಟ್ಟಿದ ಸಿಮೆಂಟ್ ಚೀಲದ ಮೇಲೆ ಪಿಪಿಸಿ ಅಂತ ಬರೆದಿದ್ದರೆ ಅದರಲ್ಲಿ ನೂರಕ್ಕೆ 15ರಿಂದ 35 ಭಾಗ ಹಾರುಬೂದಿ ಇರಬಹುದು ಅಂತ ಐಎಸ್ 1489 ಹೇಳುತ್ತೆ. ನೀವು ಮಲಗೋದು ಬೂದಿ ಬೆರೆತ ಆರ್‌ಸಿಸಿ ಕೆಳಗೆ. ಇನ್ನು ನಮ್ಮ ಕನ್ನಂಬಾಡಿ ಕಟ್ಟೆ? 1911ರಲ್ಲಿ ಶುರುವಾದ ಆ ಕಟ್ಟೆಯ ಕಲ್ಲುಗಳ ನಡುವೆ ಇರೋದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ನೀರಲ್ಲಿ ಕೂಡಿ ಕಲ್ಲಾಗುತ್ತೆ. ಕಬ್ಬಿನ ಸಿಪ್ಪೆ ಬೂದಿ ಮತ್ತು ಸುಣ್ಣ ಮಾಡೋದೂ ಅದೇ ಕೆಲಸ. 124.80 ಅಡಿ ತುಂಬಿತು ಅಂತ ಬಾಗಿನ ಕೊಡೋಕೆ ಹೋಗ್ತೀವಲ್ಲ, ಅಷ್ಟು ನೀರನ್ನ ತಡೆದು ನಿಂತಿರೋದು ಇದೇ ರಸಾಯನ. ವಿಶ್ವೇಶ್ವರಯ್ಯನವರ ಫೋಟೋಗೆ ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋ ಇಂಜಿನಿಯರುಗಳು ಬೂದಿ-ಸುಣ್ಣ ಅಂದ್ರೆ ಪ್ರಯೋಗಾಲಯದ ಆಟ ಅಂತಾರೆ. ಇದಕ್ಕಿಂತ ತಮಾಷೆ ಬೇಕಾ?

ಸರಿ, ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಜೇಡಿಮಣ್ಣಿನ ಕಣ ಅಂದ್ರೆ ದುಂಡನೆ ಮರಳಿನಂತೆ ಅಲ್ಲ, ತೆಳ್ಳನೆ ಹಾಳೆಗಳ ಕಟ್ಟು. ಎರೆಮಣ್ಣಲ್ಲಿ ಈ ಹಾಳೆಗಳ ನಡುವೆ ನೀರು ನುಗ್ಗಿದರೆ ನೆನೆದ ಅವಲಕ್ಕಿ ಥರ ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕಾಲು ಹೋಗೋಷ್ಟು ಬಿರುಕು ಬಿಡುತ್ತೆ. ಮೇಲಿನ ಟಾರು ಈ ಉಸಿರಾಟಕ್ಕೆ ಎಷ್ಟು ದಿನ ತಡೆಯುತ್ತೆ? ಸುಣ್ಣ ಹಾಕಿದ ಕೂಡಲೇ ಅದರ ಕ್ಯಾಲ್ಸಿಯಂ ಹೋಗಿ ಹಾಳೆಗಳ ಮೈಮೇಲಿನ ಸೋಡಿಯಂ ಜಾಗ ಹಿಡಿಯುತ್ತೆ. ಹಾಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಅಂಟಂಟಾಗಿದ್ದ ಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿ ಆಗುತ್ತೆ. ಎರಡನೇ ಕೆಲಸ ನಿಧಾನ. ಸುಣ್ಣದ ಕ್ಷಾರದಲ್ಲಿ ಮಣ್ಣಿನ ಮತ್ತು ಬೂದಿಯ ಸಿಲಿಕಾ ಕರಗಿ ಸುಣ್ಣದ ಜೊತೆ ಸೇರಿ ಗೋಂದಿನಂಥ ವಸ್ತು ಆಗುತ್ತೆ. ಸಿಮೆಂಟಿನಲ್ಲಿ ಗಟ್ಟಿಯಾಗೋದೂ ಇಂಥದ್ದೇ ವಸ್ತು. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಅಷ್ಟು ದಿನ ತೇವ ಆರಬಾರದು, ಕನಿಷ್ಠ ಮೊದಲ ಏಳು ದಿನವಾದರೂ.

ಎಲ್ಲ ಬೂದಿಯೂ ಬೂದಿಯಲ್ಲ ಅನ್ನೋದನ್ನೂ ಹೇಳಬೇಕು. ಇಲ್ಲದಿದ್ದರೆ ನಾಳೆ ಯಾರೋ ಕಾರ್ಖಾನೆ ಹಿಂದಿನ ಗುಡ್ಡೆ ತಂದು ಸುರಿದು "ಪರಿಸರ ಸ್ನೇಹಿ ರಸ್ತೆ" ಅಂತ ಬೋರ್ಡು ಹಾಕ್ತಾರೆ. ಸಿಪ್ಪೆ ಸುಮಾರು 600-700 ಡಿಗ್ರಿ ಶಾಖದಲ್ಲಿ ಪೂರ್ತಿ ಉರಿದರೆ ಸಿಲಿಕಾ ಚುರುಕಾಗಿರುತ್ತೆ. ಶಾಖ ತೀರಾ ಏರಿದರೆ ಸಿಲಿಕಾ ಹರಳುಗಟ್ಟಿ ಮರಳಿನಂತೆ ಸುಮ್ಮನೆ ಕೂರುತ್ತೆ. ಕಡಿಮೆಯಾದರೆ ಅರೆಬೆಂದ ಕರಿ ಉಳಿಯುತ್ತೆ, ಅದು ನೀರು ಕುಡಿಯುತ್ತೆ ಅಷ್ಟೇ. ಆದ್ದರಿಂದ ಜರಡಿ ಹಿಡಿಯಬೇಕು, ಸಾಧ್ಯವಾದರೆ ಅರೆಯಬೇಕು, ಪ್ರತಿ ಸರಕಿನ ಕರಿ ಎಷ್ಟಿದೆ ಅಂತ ಸುಟ್ಟು ನೋಡಬೇಕು. ಆಲೆಮನೆ ಬೂದಿಯನ್ನ ನಾನಂತೂ ಕಣ್ಣುಮುಚ್ಚಿ ಒಪ್ಪಲ್ಲ, ಕೆಲವು ಕಡೆ ಗಾಣದ ಒಲೆಗೆ ಹಳೇ ಟೈರು ತುರುಕೋದು ಎಲ್ಲರಿಗೂ ಗೊತ್ತಿರೋದೇ. ಕಾರ್ಖಾನೆಯ ಇನ್ನೊಂದು ಸರಕು ಪ್ರೆಸ್‌ಮಡ್, ಅದು ಗದ್ದೆಗೆ ಒಳ್ಳೇದು, ರಸ್ತೆಗೆ ಬೇಡವೇ ಬೇಡ. ಸಾವಯವ ಪದಾರ್ಥ ಹೆಚ್ಚಿದ್ದರೆ ಸುಣ್ಣದ ಕೆಲಸವೇ ಕೆಡುತ್ತೆ. ಮಣ್ಣಲ್ಲಿ ಸಲ್ಫೇಟ್ ಜಾಸ್ತಿ ಇದ್ದರೂ ಅಷ್ಟೇ, ಸುಣ್ಣ ಹಾಕಿದ ಮೇಲೆ ಒಳಗೊಂದು ಹರಳು ಬೆಳೆದು ರಸ್ತೆಯೇ ಉಬ್ಬಿಬಿಡಬಹುದು. ರಸ್ತೆ ಪಕ್ಕ ಭತ್ತದ ಗದ್ದೆ, ನಾಲೆ ಇರೋ ಕಡೆ ಬೂದಿಯಿಂದ ಏನೇನು ನೀರಿಗೆ ಇಳಿಯುತ್ತೆ ಅಂತಲೂ ಪರೀಕ್ಷೆ ಆಗಲೇಬೇಕು. ಸುಣ್ಣದ ಧೂಳು ಕೆಲಸದವರ ಕಣ್ಣು, ಚರ್ಮ ಸುಡುತ್ತೆ. ಅವರಿಗೆ ಕನ್ನಡಕ, ಕೈಗವಸು ಕೊಡದೆ ಈ ಕೆಲಸ ಮಾಡಿಸೋನು ಕಂಟ್ರಾಕ್ಟರೇ ಅಲ್ಲ.

ಈಗ ಲೆಕ್ಕ. ಒಂದು ಕಿಲೋಮೀಟರ್ ರಸ್ತೆ, ಮೂರೂಮುಕ್ಕಾಲು ಮೀಟರ್ ಅಗಲ, 30 ಸೆಂಟಿಮೀಟರ್ ಆಳ. 1,125 ಘನ ಮೀಟರ್ ಆಯ್ತು. ಮಣ್ಣು ಬದಲಾಯಿಸ್ತೀವಿ ಅಂದ್ರೆ ಇಷ್ಟನ್ನು ಅಗೆದು ಎಲ್ಲೋ ಎಸೆಯಬೇಕು, ಗಟ್ಟಿ ಕೂತ ಮೇಲೆ ಎರಡು ಸಾವಿರ ಟನ್‌ಗೂ ಮೀರಿ ತೂಗೋ ಗ್ರಾವೆಲ್ ತರಬೇಕು. ಹತ್ತು ಟನ್ ಟಿಪ್ಪರ್ ಅಂದ್ರೆ ಇನ್ನೂರು ಲೋಡಿಗೂ ಹೆಚ್ಚು. ಇದ್ದ ಮಣ್ಣನ್ನೇ ಗಟ್ಟಿ ಮಾಡ್ತೀವಿ ಅಂದ್ರೆ? ಘನ ಮೀಟರಿಗೆ 1.6 ಟನ್ ಅಂತ ಹಿಡಿದರೆ 1,800 ಟನ್ ಮಣ್ಣು. ಉದಾಹರಣೆಗೆ ನೂರಕ್ಕೆ 4 ಸುಣ್ಣ, 10 ಬೂದಿ ಅನ್ನಿ (ಸರಿಯಾದ ಪ್ರಮಾಣ ಆಯಾ ಮಣ್ಣಿನ ಪರೀಕ್ಷೆಯೇ ಹೇಳಬೇಕು). 72 ಟನ್ ಸುಣ್ಣ, 180 ಟನ್ ಬೂದಿ, ಒಟ್ಟು 252 ಟನ್. ಇಪ್ಪತ್ತಾರು ಲೋಡು! ಸುಣ್ಣ ಅಗ್ಗ ಅಲ್ಲ, ಒಪ್ಪಿದೆ. ಆದರೆ ಉಳಿದ ನೂರೆಂಬತ್ತು ಲೋಡಿನ ಡೀಸೆಲ್ಲು, ಆ ಲೋಡುಗಳು ಹಾಳು ಮಾಡೋ ಇನ್ನೊಂದು ಊರಿನ ರಸ್ತೆ, ಕಾಣೆಯಾಗೋ ಗುಡ್ಡ, ಇವನ್ನ ಯಾವ ಎಸ್ಟಿಮೇಟಿನಲ್ಲಿ ಬರೀತೀರಿ?

ಬೂದಿ ಸಿಗುತ್ತಾ ಅಂದ್ರೆ, ಒಂದು ಟನ್ ಕಬ್ಬು ಅರೆದು ಅದರ ಸಿಪ್ಪೆ ಪೂರ್ತಿ ಉರಿಸಿದರೆ ಸುಮಾರು ಆರು ಕೆ.ಜಿ. ಬೂದಿ. ದಿನಕ್ಕೆ 3,000 ಟನ್ ಅರೆಯೋ ಕಾರ್ಖಾನೆ ಅಂದ್ರೆ 18 ಟನ್. ಹತ್ತು ದಿನದ ಬೂದಿಗೆ ಒಂದು ಕಿಲೋಮೀಟರ್. ಮಂಡ್ಯದಲ್ಲಿ 1933ರ ಮೈಷುಗರ್ ಇದೆ, ಪಾಂಡವಪುರದಲ್ಲಿ 2020ರಲ್ಲಿ ಖಾಸಗಿ ಗುತ್ತಿಗೆಗೆ ಹೋದ ಸಹಕಾರಿ ಕಾರ್ಖಾನೆ ಇದೆ, ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಇನ್ನೊಂದು. ಬೆರೆಸೋಕೆ ವಿದೇಶಿ ಯಂತ್ರ ಬೇಕು ಅಂತ ಹೆದರಿಸೋರೂ ಇದ್ದಾರೆ. ಹೆದ್ದಾರಿಗೆ ಬೇಕು ನಿಜ. ಹಳ್ಳಿ ರಸ್ತೆಗೆ ನಮ್ಮೂರಲ್ಲಿ ಗದ್ದೆ ಉಳೋ ರೋಟವೇಟರ್ ಸಾಕು, ಮೂರು ನಾಲ್ಕು ಸಾಲು ಸರಿಯಾಗಿ ಹೊಡೆದು ಆಳ ಅಳೆದು ನೋಡಿದರೆ ಆಯ್ತು.

ಹಾರುಬೂದಿ ಕಥೆ ಬೇರೆ. ಉಷ್ಣ ವಿದ್ಯುತ್ ಸ್ಥಾವರದ ಬೂದಿಯನ್ನ ನೂರಕ್ಕೆ ನೂರು ಬಳಸಲೇಬೇಕು, 300 ಕಿಲೋಮೀಟರ್ ಒಳಗಿನ ರಸ್ತೆ ಕೆಲಸಗಳಲ್ಲೂ ಬಳಸಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರ್ 31ರಂದು ಅಧಿಸೂಚನೆ ಹೊರಡಿಸಿತು. ರಾಯಚೂರಿನ ಶಕ್ತಿನಗರ ನಮ್ಮಿಂದ ನಾನೂರು ಕಿಲೋಮೀಟರಿಗೂ ದೂರ, ತೋರಣಗಲ್ಲಿನ ಉಕ್ಕಿನ ಕಿಟ್ಟವೂ ಮುನ್ನೂರು ದಾಟುತ್ತೆ. ಹತ್ತಿರ ಯಾವುದು ಗೊತ್ತಾ? ಮೆಟ್ಟೂರು! ಕಾವೇರಿ ನೀರು ಹೋಗಿ ಸೇರೋ ಅದೇ ಮೆಟ್ಟೂರಿನಲ್ಲಿ ತಮಿಳುನಾಡಿನ ಉಷ್ಣ ಸ್ಥಾವರ ಇದೆ. ನಾವು ನೀರು ಬಿಡ್ತೀವಿ, ಅವರು ಬೂದಿ ಕಳಿಸಲಿ, ಲೆಕ್ಕ ಚುಕ್ತಾ :-) ಮಂಡ್ಯದ ಸಂಜಯ ಸರ್ಕಲ್‌ನಲ್ಲಿ ನಿಂತು ಈ ಮಾತು ಹೇಳೋ ಧೈರ್ಯ ನನಗಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ತಮಾಷೆ ಬಿಡಿ, ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬೂದಿ ಲಾರಿ ಹತ್ತಿಸೋದಕ್ಕಿಂತ ನಮ್ಮ ಕಬ್ಬಿನ ಬೂದಿಯೇ ವಾಸಿ.

ಇಷ್ಟೆಲ್ಲ ಹೇಳಿದ ಮೇಲೆ, ನಾಲ್ಕೂ ತಾಲ್ಲೂಕಿಗೆ ಬೂದಿ ಸುರೀರಿ ಅಂತ ನಾನು ಹೇಳ್ತಿದೀನಿ ಅಂದುಕೊಂಡ್ರಾ? ಇಲ್ಲ. ಹಾಗಂದ್ರೆ ನನಗೂ ಆ ದರಪಟ್ಟಿಗೂ ವ್ಯತ್ಯಾಸವೇ ಇರಲ್ಲ. ನಾಗಮಂಗಲದ ಬಹುಪಾಲು ಕೆಮ್ಮಣ್ಣು, ಗರಸು. ಅಲ್ಲಿ ದಿಣ್ಣೆ ಮೇಲಿನ ರಸ್ತೆಗೆ ಸುಣ್ಣವೂ ಬೇಡ, ಬೂದಿಯೂ ಬೇಡ, ಚೆನ್ನಾಗಿ ರೋಲರ್ ಹೊಡೆದು ಚರಂಡಿ ಮಾಡಿದರೆ ಸಾಕು. (ಆ ರಸ್ತೆಗಳ ಮುಖ್ಯ ಉಪಯೋಗ ಹುರುಳಿ, ರಾಗಿ ಒಕ್ಕೋದು, ಅದು ಬೇರೆ ಮಾತು.) ಅದೇ ರಸ್ತೆ ತಗ್ಗಿಗೆ ಇಳಿದು ಕೆರೆ ಹಿಂದಿನ ಅಚ್ಚುಕಟ್ಟು ದಾಟೋ ಇನ್ನೂರು ಮೀಟರ್ ಇದೆಯಲ್ಲ, ಸಾಯೋದು ಅಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ, ಕೆ.ಆರ್.ಪೇಟೆಯ ಹೇಮಾವತಿ ಕಾಲುವೆ ಕೆಳಗಿನ ತಗ್ಗಿನಲ್ಲಿ ವರ್ಷದ ಎಷ್ಟೋ ತಿಂಗಳು ಗದ್ದೆಯಲ್ಲಿ ನೀರು ನಿಂತಿರುತ್ತೆ, ರಸ್ತೆಯ ಕೆಳಗಿನ ಜೇಡಿ ಒಣಗೋದೇ ಇಲ್ಲ. ಚಿಕಿತ್ಸೆ ಬೇಕಾದ್ದು ಅಲ್ಲಿಗೆ, ಅಷ್ಟಕ್ಕೇ. ನಮ್ಮವರು ಏನು ಮಾಡ್ತಾರೆ? ದಿಣ್ಣೆಗೂ ತಗ್ಗಿಗೂ ಒಂದೇ ಎಸ್ಟಿಮೇಟು. ನೆಗಡಿಗೂ ಮೂಳೆ ಮುರಿದದ್ದಕ್ಕೂ ಒಂದೇ ಮಾತ್ರೆ.

ನೆಲದ ತಾಕತ್ತು ಅಳೆಯೋದು ದೊಡ್ಡ ವಿದ್ಯೆಯೇನಲ್ಲ. ಸಿಬಿಆರ್ ಅಂತ ಪರೀಕ್ಷೆ: ಮಣ್ಣನ್ನ ಅಚ್ಚಿನಲ್ಲಿ ತುಂಬಿ, ನಾಲ್ಕು ದಿನ ನೀರಲ್ಲಿ ನೆನೆಸಿ, ಉಕ್ಕಿನ ಕೊರಡನ್ನ ಎರಡೂವರೆ ಮಿಲಿಮೀಟರ್ ಒಳಗೆ ಒತ್ತೋಕೆ ಎಷ್ಟು ಭಾರ ಬೇಕು ಅಂತ ನೋಡೋದು. ಜಲ್ಲಿಗೆ 1,370 ಕೆ.ಜಿ. ಬೇಕು ಅಂತ ಇಟ್ಟುಕೊಂಡು ಅದರ ನೂರರಲ್ಲಿ ಎಷ್ಟು ಅಂತ ಲೆಕ್ಕ. ಹಳ್ಳಿ ರಸ್ತೆಗಳ ಮಾರ್ಗಸೂಚಿ, ಎಸ್‌ಪಿ 72, 2 ಬಂದರೆ ತೀರಾ ಕಳಪೆ, 3-4 ಕಳಪೆ, 5-6 ಪರವಾಗಿಲ್ಲ, 7 ದಾಟಿದರೆ ಒಳ್ಳೇದು ಅನ್ನುತ್ತೆ. ಮೇಲಿನ ಪದರ ಎಷ್ಟು ದಪ್ಪ ಇರಬೇಕು ಅನ್ನೋದು ಈ ಒಂದು ಅಂಕಿ ಮೇಲೆ ನಿಂತಿದೆ. ಉಬ್ಬೋ ಮಣ್ಣಾ ಅಂತ ತಿಳಿಯೋಕೆ ಇನ್ನೂ ಸುಲಭ. ಒಣಗಿಸಿ ನಯವಾಗಿ ಜರಡಿ ಹಿಡಿದ ಮಣ್ಣು ಹತ್ತತ್ತು ಗ್ರಾಂ, ಎರಡು ಅಳತೆ ಜಾಡಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. ಒಂದು ದಿನ ಬಿಟ್ಟು ನೋಡಿ. ನೀರಿನ ಜಾಡಿಯ ಮಣ್ಣು ಸೀಮೆಎಣ್ಣೆಯದಕ್ಕಿಂತ ಅರ್ಧಪಟ್ಟು ಜಾಸ್ತಿ ಎದ್ದಿದ್ದರೆ ಆ ರಸ್ತೆ ಬಗ್ಗೆ ಹುಷಾರು.

ಇಂಜಿನಿಯರಿಂಗ್ ಕಾಲೇಜುಗಳ ಬಗ್ಗೆ ಹೇಳದೇ ಬಿಟ್ಟರೆ ಅನ್ಯಾಯ. ನಮ್ಮ ಬ್ಯಾಚಿನಲ್ಲೇ ಎರಡು ತಂಡ ಇದೇ ವಿಷಯದ ಪ್ರಾಜೆಕ್ಟ್ ಮಾಡಿದ್ವು, ಒಂದು ಕಬ್ಬಿನ ಬೂದಿ, ಇನ್ನೊಂದು ಕಿಟ್ಟದ ಪುಡಿ. ಬೇರೆ ಕಾಲೇಜಿನ ಗೆಳೆಯರನ್ನ ಕೇಳಿ, ಅಲ್ಲೂ ಇದೇ. 5, 10, 15, 20 ಪರ್ಸೆಂಟ್ ಬೆರೆಸಿ ಗ್ರಾಫ್ ಎಳೆದು, ಎಲ್ಲಿ ಏರಿ ಎಲ್ಲಿ ಇಳೀತು ಅಂತ ಬರೆದು, ಬಂಗಾರದ ಬಣ್ಣದ ಅಕ್ಷರದ ರೆಕ್ಸಿನ್ ಹೊದಿಕೆ ಹಾಕಿಸಿ ಕಪಾಟಿಗೆ. ಮಣ್ಣು ಎಲ್ಲಿಂದ ತಂದದ್ದು? "ಕಪ್ಪು ಮಣ್ಣು, ಮಂಡ್ಯ ಜಿಲ್ಲೆ". ಅಷ್ಟೇ! ಯಾವ ಊರು, ಯಾವ ರಸ್ತೆ, ಎಷ್ಟು ಆಳ, ಇಲ್ಲ. ಆ ಹುಡುಗರು ನಾಲ್ಕು ದಿನ ನೆನೆಸಿ ಕಷ್ಟಪಟ್ಟು ತೆಗೆದ ಅಂಕಿ ಆ ಊರಿನ ರಸ್ತೆ ಮಾಡೋನಿಗೆ ತಲುಪೋದೇ ಇಲ್ಲ. ರಸ್ತೆ ಮಾಡೋನು ಪರೀಕ್ಷೆ ಮಾಡಲ್ಲ, ಪರೀಕ್ಷೆ ಮಾಡೋನಿಗೆ ರಸ್ತೆ ಇಲ್ಲ. ಇಂಟರ್ನಲ್ ಮಾರ್ಕ್ಸ್ ಕೊಡೋ ಮೇಷ್ಟ್ರುಗಳು ಒಂದೇ ಒಂದು ನಿಯಮ ಮಾಡಲಿ, ಊರು ಮತ್ತು ರಸ್ತೆ ಹೆಸರಿಲ್ಲದ ಮಣ್ಣಿನ ಪ್ರಾಜೆಕ್ಟು ಒಪ್ಪಲ್ಲ ಅಂತ. ಕೆಲವೇ ವರ್ಷದಲ್ಲಿ ಈ ನಾಲ್ಕು ತಾಲ್ಲೂಕಿನ ಮಣ್ಣಿನ ನಕ್ಷೆಯೇ ಸಿಗುತ್ತೆ, ಸರ್ಕಾರದ ಒಂದು ರೂಪಾಯಿ ಖರ್ಚಿಲ್ಲದೆ.

ಇದೇನು ಬರೀ ಗುಂಡಿ ಬಿದ್ದ ರಸ್ತೆಯ ಗೋಳು ಅಂತಲೂ ಅನ್ನಬೇಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕು ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆ ಮಕ್ಕಳೂ ಇದ್ದರು. ಅದಕ್ಕೆ ಮಣ್ಣು ಕಾರಣ ಅಂತ ನಾನು ಹೇಳ್ತಿಲ್ಲ. ಆಮೇಲೆ ಎಲ್ಲರೂ ತಡೆಗೋಡೆ ಹಾಕಿ, ತಡೆಗೋಡೆ ಹಾಕಿ ಅಂದ್ರು, ಅನ್ನಲೇಬೇಕಾದ ಮಾತು. ಆದರೆ ಕಬ್ಬಿಣದ ತಡೆಬೇಲಿಯ ಕಂಬ ನಿಲ್ಲೋದು ರಸ್ತೆ ಅಂಚಿನ ಮಣ್ಣಿನಲ್ಲಿ. ಅಂಚಿನ ಮಣ್ಣು ನೆನೆದ ಜೇಡಿ ಆಗಿದ್ದರೆ ಬಸ್ಸು ಗುದ್ದಿದಾಗ ಕಂಬ ಹಲ್ಲು ಕಿತ್ತ ಹಾಗೆ ಬರುತ್ತೆ. ನಾಲೆ ಏರಿ ರಸ್ತೆಯ ಅಂಚನ್ನ ಮೊದಲು ಗಟ್ಟಿ ಮಾಡಿ ಅಂತ ಕೇಳೋದು ಇಂಜಿನಿಯರಿಂಗ್ ಶೋಕಿ ಅಲ್ಲ.

ಗುಡ್ಡದ ಕಡೆಯಿಂದಲೂ ಯೋಚಿಸಿ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆ ಗಲಾಟೆ ವರ್ಷಗಟ್ಟಲೆ ನಡೀತು. 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಜಲ್ಲಿ ಬೇರೆ, ಗ್ರಾವೆಲ್ ಬೇರೆ, ನಿಜ. ಆದರೆ ಎರಡನ್ನೂ ತಿನ್ನೋ ಹೊಟ್ಟೆ ಒಂದೇ. ಕೆಳಗಿನ ನೆಲ ಗಟ್ಟಿಯಾದಷ್ಟೂ ಮೇಲೆ ಹಾಕೋ ಜಲ್ಲಿ ಪದರ ತೆಳುವಾದರೆ ಸಾಕು. ಬೆಟ್ಟ ಉಳಿಸಿ ಅಂತ ಸಹಿ ಹಾಕೋರು, ಹೊಸ ರಸ್ತೆ ಕೊಡಿ ಅಂತ ಧರಣಿ ಕೂರೋರು ಈ ಒಂದು ವಿಷಯದಲ್ಲಾದರೂ ಒಟ್ಟಿಗೆ ಕೂರಬಹುದು.

ಮಾವ ಕೇಳಿದ ಆ ಸೈನ್ ಹಾಕೋ ಇಂಜಿನಿಯರ್‌ನ ಹುಡುಕೋಕೆ ನನ್ನ ಹತ್ತಿರ ಇರೋ ದಾರಿ ಒಂದೇ. ಗ್ರಾಮ ಸಡಕ್ ರಸ್ತೆ ಪಕ್ಕ ಬೋರ್ಡು ಇರುತ್ತಲ್ಲ, ಉದ್ದ ಎಷ್ಟು, ಖರ್ಚು ಎಷ್ಟು, ಐದು ವರ್ಷದ ನಿರ್ವಹಣೆ ಯಾರದ್ದು ಅಂತ? ಅದರಲ್ಲಿ ನೆನೆಸಿದ ಮಣ್ಣಿನ ಸಿಬಿಆರ್ ಎಷ್ಟು, ಎಲ್ಲೆಲ್ಲಿ ಅಳೆದದ್ದು ಅಂತ ಒಂದು ಸಾಲು ಬರೆಸಬೇಕು. ಬರೆಸೋವರೆಗೆ ಮಾಹಿತಿ ಹಕ್ಕಿನಲ್ಲಿ ಕೇಳೋದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ಒಂದು ರಸ್ತೆಗೆ ಒಂದು ಅರ್ಜಿ. ನಾನು ಪಾಂಡವಪುರ ತಾಲ್ಲೂಕಿನ ಮೂರು ರಸ್ತೆಗೆ ಬರೆದಿಟ್ಟಿದ್ದೀನಿ, ಸೋಮವಾರ ಹಾಕ್ತೀನಿ. ನಿಮ್ಮೂರಿಗೆ ಬೇಕಾದರೆ ಹೆಸರು ಬದಲಾಯಿಸಿ ಹಾಕಿ:

"ಸದರಿ ರಸ್ತೆ ಕಾಮಗಾರಿಯ ಅಂದಾಜುಪಟ್ಟಿ ತಯಾರಿಸುವ ಮೊದಲು ನಡೆಸಿದ ಮಣ್ಣು ಪರೀಕ್ಷೆಯ ವರದಿಯ ದೃಢೀಕೃತ ಪ್ರತಿ, ಮಾದರಿ ತೆಗೆದ ಸ್ಥಳಗಳ ಸರಪಳಿ ದೂರ, ನಾಲ್ಕು ದಿನ ನೆನೆಸಿದ ನಂತರದ ಸಿಬಿಆರ್ ಮೌಲ್ಯ, ಮತ್ತು ಪರೀಕ್ಷೆ ನಡೆಸಿದ ಪ್ರಯೋಗಾಲಯದ ಹೆಸರು ಒದಗಿಸಿ. ಪರೀಕ್ಷೆ ನಡೆಸಿಲ್ಲದಿದ್ದಲ್ಲಿ ಹಾಗೆಂದು ಲಿಖಿತವಾಗಿ ತಿಳಿಸಿ."